ಪ್ರಾರ್ಥನೆಯ ಪಟ್ಟಿಯಲ್ಲಿ ಇವರ ಹೆಸರು

ಹೋದ ವಾರ ಕೆಳಗಿನ ಮನೆಯ ಮರಾಠಿ ಹೆಂಗಸು ತನ್ನ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಬೆರಳ ಸಂದಿಯಲ್ಲೆಲ್ಲ ಕಜ್ಜಿ. ನಾಗಪುರದ ಪ್ರತಾಪ ನಗರದ ಈ ಕಟ್ಟಡದಲ್ಲಿ ಯಾರಿಗೆ ಏನಾದರೂ ಮೊದಲು ನನ್ನ ಬಾಗಿಲು ಬಡಿಯುತ್ತಾರೆ. ನರ್ಸ್ ಇದ್ದಾಳಲ್ಲ, ಫೀಸೂ ಇಲ್ಲ. ಅವಳು ಅಂಗಡಿಯಿಂದ ತಂದಿದ್ದ ಔಷಧದ ಬಾಟಲಿಯ ಮುಚ್ಚಳ ತಿರುಗಿಸಿದೆ ನೋಡಿ, ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಕೈ ನಿಂತುಬಿಟ್ಟಿತು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಮೂರು ವಾರ ನನ್ನ ಮೈ, ಬಟ್ಟೆ, ತಲೆದಿಂಬು ಎಲ್ಲ ಇದೇ ವಾಸನೆ ಹೊಡೆಯುತ್ತಿದ್ದವು. ಹುಡುಗಿಗೆ ಔಷಧ ಹಚ್ಚಿ, ಹಾಸಿಗೆ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆಯಲು ಹೇಳಿ ಕಳಿಸಿದೆ. ಆಮೇಲೆ ಒಬ್ಬಳೇ ಕೂತು ಸಿಟ್ಟು ಮಾಡಿಕೊಂಡೆ. ಕಾಲ ಕಳೆದರೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನ್ನದು ಇಳಿದಿಲ್ಲ.

ನಾವು ಗದಗ-ಬೆಟಗೇರಿ ಕಡೆಯ ಕನ್ನಡ ಕ್ರೈಸ್ತರು. ಇವರು, ಅಂದರೆ ನನ್ನ ಯಜಮಾನರು ಸುಧಾಕರ, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದವರು. ಹುಬ್ಬಳ್ಳಿ, ಸೊಲ್ಲಾಪುರ ಅಂತ ವರ್ಗವಾಗುತ್ತ ಬಂದು ನಾಗಪುರದಲ್ಲೇ ನಿವೃತ್ತರಾದರು. ನಾನು ಇಲ್ಲಿಯದೇ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಮಕ್ಕಳಾಗಲಿಲ್ಲ. ಅವರಿಗೆ ನಾನು, ನನಗೆ ಅವರು, ಅಷ್ಟೇ ಸಂಸಾರ.

ನಾಗಪುರದ ನಮ್ಮ ಕನ್ನಡ ಸಭೆ ಅಂದರೆ ಮೂವತ್ತು ಮಂದಿ. ರೈಲ್ವೆಗೆ, ಶಸ್ತ್ರಾಸ್ತ್ರ ಕಾರ್ಖಾನೆಗೆ, ಬ್ಯಾಂಕಿಗೆ ಅಂತ ಬಂದು ಉಳಿದವರು. ಸ್ವಂತ ಚರ್ಚಿಲ್ಲ. ಭಾನುವಾರ ಮರಾಠಿ ಸಭೆಯವರು ತಮ್ಮ ಆರಾಧನೆ ಮುಗಿಸಿದ ಮೇಲೆ ಸಂಜೆ ನಾಲ್ಕಕ್ಕೆ ಪಕ್ಕದ ಹಾಲ್ ನಮಗೆ ಬಿಟ್ಟುಕೊಡುತ್ತಾರೆ. ಪಾದ್ರಿಗಳೂ ಇಲ್ಲ, ಸತ್ಯಾನಂದ ಮಾಸ್ತರರೆಂಬ ನಿವೃತ್ತ ಶಿಕ್ಷಕರೇ ಸಭೆಯ ಹಿರಿಯರು. ಅಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವರು ನನ್ನ ಯಜಮಾನರು. ಹತ್ತೊಂಬತ್ತು ವರ್ಷ ಬಾರಿಸಿದರು. ನಮ್ಮ ಎಳೆಯರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅದಕ್ಕೆ ಇವರು ಶನಿವಾರ ಕನ್ನಡಕ ಏರಿಸಿ ಕೂತು ಕನ್ನಡ ಕೀರ್ತನೆಗಳನ್ನು ಮರಾಠಿ ಅಕ್ಷರದಲ್ಲಿ ಬರೆದು, ಝೆರಾಕ್ಸ್ ಮಾಡಿಸಿ ಹಂಚುತ್ತಿದ್ದರು. ವಾರವೆಲ್ಲ ಹಿಂದಿ ಮರಾಠಿ ಆಡಿ ದಣಿದ ಬಾಯಿಗೆ ಆ ಒಂದು ತಾಸಿನ ಹಾಡು ಎಷ್ಟು ಹಿತ ಎಂಬುದು ಪರವೂರಿನಲ್ಲಿ ಇದ್ದವರಿಗೇ ಗೊತ್ತು.

ಆ ವರ್ಷ ಮರಾಠಿ ಸಭೆಯವರು ಇನ್ನೆರಡು ಸಭೆಗಳ ಜೊತೆ ಸೇರಿ ಆಫ್ರಿಕಾದ ಮಲಾವಿ ದೇಶಕ್ಕೆ ಒಂದು ವೈದ್ಯಕೀಯ ಸೇವಾ ತಂಡ ಕಳಿಸಲು ಹೊರಟರು. ಇಬ್ಬರು ಡಾಕ್ಟರು, ಒಬ್ಬ ಹಲ್ಲಿನ ಡಾಕ್ಟರು, ಉಳಿದವರು ನಮ್ಮಂಥವರು. ಹಲ್ಲಿನ ಡಾಕ್ಟರೇ ಮುಖಂಡರು. ನರ್ಸ್ ಬೇಕು ಅಂದರು, ನಾನು ಕೈ ಎತ್ತಿದೆ. ನಮ್ಮ ಕನ್ನಡ ಸಭೆಯಿಂದ ಲೀಲಕ್ಕನೂ ಹೊರಟರು. ಲೀಲಕ್ಕ ಹುಬ್ಬಳ್ಳಿಯವರು, ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಗಂಡನ ನೌಕರಿ, ಅಲ್ಲೇ ಕಾಲನಿಯಲ್ಲಿ ಮನೆ. ನನಗಿಂತ ಆರು ವರ್ಷ ದೊಡ್ಡವರು. ನನಗೆ ಟೈಫಾಯ್ಡ್ ಆಗಿದ್ದಾಗ ಹನ್ನೊಂದು ದಿನ ಬಸ್ಸಿನಲ್ಲಿ ಗಂಜಿ ತಂದು ಕುಡಿಸಿದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ಕೇಳಿ ನೀವು ಅವರನ್ನು ಕೆಟ್ಟವರು ಅಂದುಕೊಂಡರೆ ನನ್ನ ಕೆಲಸ ಸುಲಭವಾಗುತ್ತದೆ, ಆದರೆ ಅದು ನಿಜವಲ್ಲ.

ಜೂನ್ ತಿಂಗಳು. ಮಳೆ ಇವತ್ತು ಬಂತು ನಾಳೆ ಬಂತು ಅಂತ ಆಕಾಶ ಆಟ ಆಡಿಸುತ್ತಿತ್ತು. ಕೂಲರ್ ಹಾಕಿದರೂ ಅಂಟಂಟು ಸೆಕೆ. ಮಧ್ಯಾಹ್ನ ನಮ್ಮ ಮನೆಯ ಹಾಲ್‌ನ ನೆಲದ ಮೇಲೆ ಕೂತು ನಾನು ಬ್ಯಾಂಡೇಜು, ಗಾಯಕ್ಕೆ ಇಡುವ ಗಾಜುಬಟ್ಟೆ, ಮುಲಾಮುಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದೆ. ಇವರು ಗಾಜುಬಟ್ಟೆ ಕತ್ತರಿಸಿ ಕೊಡುತ್ತ, ನಿನ್ನಂಥವರನ್ನ ನೋಡೇ ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನೋದು ಅಂತ ರೇಗಿಸುತ್ತಿದ್ದರು. ನಾನೂ ಬಿಡಲಿಲ್ಲ. ಮೂರು ವಾರ ನಿಮಗೆ ಬೈಯುವವರು ಯಾರೂ ಇಲ್ಲ, ದೇವರಿಗೆ ಸ್ತೋತ್ರ ಹೇಳಿರಿ ಅಂದೆ. ಅವರು ಕತ್ತರಿ ಕೆಳಗಿಟ್ಟರು.

“ಕರುಣಾ, ನನಗ ಪ್ರಾರ್ಥನಿ ಬರವಲ್ದು.”

ಏನು ಹಾಗಂದರೆ ಅಂತ ಮುಖ ನೋಡಿದೆ. ಏನಾದರೂ ಆಯಿತೇ ಎಂದು ಕೇಳಿದೆ.

“ಏನೂ ಆಗಿಲ್ಲ. ದುಃಖಾನೂ ಇಲ್ಲ, ಸಿಟ್ಟೂ ಇಲ್ಲ. ಬಾಯಿ ತನ್ನಷ್ಟಕ್ಕ ಅಂತೈತಿ, ಆ ಕಡೆ ಕೇಳಾವ್ರು ಯಾರೂ ಇಲ್ಲ ಅನಸ್ತೈತಿ. ಒಂದೂವರಿ ವರ್ಷ ಆತು.”

ಒಂದೂವರೆ ವರ್ಷ! ಅಷ್ಟೂ ಕಾಲ ಊಟಕ್ಕೆ ಮುಂಚೆ ನನ್ನೆದುರು ಕಣ್ಣು ಮುಚ್ಚಿ ಕೂತಿದ್ದರು. ನನಗೆ ಹೆದರಿಕೆಯಾಯಿತು. ನಾನು ದೊಡ್ಡ ಭಕ್ತೆಯೇನೂ ಅಲ್ಲ, ಆದರೆ ಸತ್ತ ಮೇಲೂ ಇವರು ಜೊತೆಗಿರುತ್ತಾರೆ ಅನ್ನುವ ಒಂದು ಲೆಕ್ಕ ಮನಸ್ಸಿನಲ್ಲಿತ್ತು. ಹಾಗಾದರೆ ಚರ್ಚಿನಲ್ಲಿ ಪೇಟಿ ಯಾಕೆ ಬಾರಿಸುತ್ತೀರಿ ಅಂದೆ. ಹಾರ್ಮೋನಿಯಂಗೆ ನಾವು ಪೇಟಿ ಅನ್ನುತ್ತೇವೆ.

“ಹಾಡು ಹಾಡ ಅಲ್ಲೇನು? ನಮ್ಮವ್ವ ಹಾಡಿದ್ದವು. ಈ ಊರಾಗ ನನಗಂತ ಅದೊಂದ ಐತಿ. ಯಾರಿಗೂ ಹೇಳಬ್ಯಾಡ. ಗೊತ್ತಾದ್ರ ಪೇಟಿ ಮುಟ್ಟಾಕ ಬಿಡೂದಿಲ್ಲ. ನಿನಗ ಅಂತ ಹೇಳೀನಿ.”

ಇಲ್ಲ, ಯಾರಿಗೂ ಹೇಳುವುದಿಲ್ಲ ಅಂದೆ. ಅವರು ಮತ್ತೆ ಕತ್ತರಿ ಹಿಡಿದು ಗಾಜುಬಟ್ಟೆಯನ್ನು ಒಂದೇ ಅಳತೆಗೆ ಕತ್ತರಿಸತೊಡಗಿದರು. ಮುಖ ಹಗುರಾಗಿತ್ತು. ಅದನ್ನು ನೋಡಿ ನನಗೂ ಸಮಾಧಾನವಾಯಿತು.

ಜುಲೈಯಲ್ಲಿ ಹೊರಟೆವು. ನಾಗಪುರದಲ್ಲಿ ಮಳೆ ಜಡಿಯುತ್ತಿತ್ತು, ಅಲ್ಲಿ ಇಳಿದರೆ ಒಣ ಚಳಿ, ಕೆಂಪು ಧೂಳು. ಒಂದು ಹಳ್ಳಿಶಾಲೆಯ ಎರಡು ಕೋಣೆಗಳೇ ನಮ್ಮ ದವಾಖಾನೆ. ಬೆಳಗ್ಗೆ ಆರಕ್ಕೆ ಎದ್ದು ಬಾಗಿಲು ತೆರೆದರೆ ಆಗಲೇ ಸಾಲು ಕೂತಿರುತ್ತಿತ್ತು. ಅರ್ಧ ಮಂದಿಗೆ ಕಜ್ಜಿ. ಮಕ್ಕಳನ್ನು ನಿಲ್ಲಿಸಿ ಕುತ್ತಿಗೆಯಿಂದ ಕಾಲಿನವರೆಗೆ ಔಷಧ ಬಳಿಯುತ್ತಿದ್ದೆ. ಅವು ಉರಿ ಎಂದು ಕುಣಿಯುತ್ತಿದ್ದವು, ತಾಯಂದಿರು ನಗುತ್ತಿದ್ದರು. ಜಿಕೋಮೋ, ಅಂದರೆ ಉಪಕಾರವಾಯಿತು, ಎಂದು ಮೊಣಕಾಲು ಬಗ್ಗಿಸಿ ಹೇಳುತ್ತಿದ್ದರು. ಮಧ್ಯಾಹ್ನಕ್ಕೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಸೊಪ್ಪು. ದಣಿವಾಗುತ್ತಿತ್ತು, ಆದರೆ ಸುಳ್ಳು ಯಾಕೆ ಹೇಳಲಿ, ನನಗೆ ಅಲ್ಲಿ ಸಂತೋಷವಾಗಿತ್ತು. ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತು ವರ್ಷದಲ್ಲಿ ಸಿಗದ ಮರ್ಯಾದೆ ಅಲ್ಲಿ ದಿನಕ್ಕೆ ನೂರು ಸಲ ಸಿಗುತ್ತಿತ್ತು.

ತಂಡಕ್ಕೆ ಮುಖಂಡರದ್ದೊಂದು ನಿಯಮವಿತ್ತು. ಇಬ್ಬಿಬ್ಬರನ್ನು ಪ್ರಾರ್ಥನೆಯ ಜೊತೆಗಾರರನ್ನಾಗಿ ಮಾಡಿದ್ದರು. ಕೆಲಸ ಮುಗಿದ ಮೇಲೆ ಜೋಡಿ ಜೋಡಿಯಾಗಿ ಕೂತು, ಮನಸ್ಸಿನ ಭಾರ ಒಬ್ಬರಿಗೊಬ್ಬರು ಹೇಳಿ, ಅದಕ್ಕಾಗಿ ಪ್ರಾರ್ಥಿಸಬೇಕು. ನನ್ನ ಜೊತೆಗಾರ್ತಿ ಲೀಲಕ್ಕ. ಅವರು ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದರು. ತಮ್ಮ ಭಾರವನ್ನೆಲ್ಲ ಅವರು ಮೊದಲ ದಿನವೇ ನನ್ನ ಮುಂದೆ ಸುರಿದರು. ನಾನು ಒಂದು ದಿನ ಮೊಣಕಾಲು ನೋವು ಅಂದೆ, ಮರುದಿನ ಮತ್ತೆ ಮೊಣಕಾಲು. ಮೂರನೆಯ ದಿನ ಲೀಲಕ್ಕ ನಕ್ಕು, ಇಷ್ಟು ದೂರ ಬರೀ ಮೊಣಕಾಲು ಹೊತ್ತುಕೊಂಡು ಬಂದಿದ್ದೀಯೇನು ಅಂದರು.

ಎರಡನೆಯ ವಾರ ಒಬ್ಬ ಮುದುಕಿ ತನ್ನ ಗಂಡನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಸೈಕಲ್ ತಳ್ಳುತ್ತ ಬಂದಳು. ಅವನ ಪಾದದಲ್ಲಿ ಹುಣ್ಣು. ನಾನು ತೊಳೆಯುವಾಗ ಅವಳು ಅವನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವನು ಬೈಯುತ್ತಿದ್ದ, ಅವಳು ಕೇಳಿಸಿಕೊಳ್ಳದೆ ಹಿಡಿದಿದ್ದಳು. ಆಮೇಲೆ ಇಬ್ಬರೂ ಕಣ್ಣು ಮುಚ್ಚಿ ಒಟ್ಟಿಗೆ ಏನೋ ಪ್ರಾರ್ಥನೆ ಹೇಳಿದರು.  ಇನ್ನು ಮುಂದೆ ನಾನೂ ಇವರೂ ಹೀಗೆ ಕೂರುವುದಿಲ್ಲ ಅನಿಸಿತು.

ಅವತ್ತು ಸಂಜೆ ಗುಳಿಗೆಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟುತ್ತ ಕೂತಾಗ ಲೀಲಕ್ಕ ನನ್ನ ಮುಖ ನೋಡಿ, ಏನವ್ವ ತಂಗಿ ಅಂದರು. ಅಷ್ಟು ಸಾಕಾಯಿತು. ಹೇಳಿಬಿಟ್ಟೆ. ಹೇಳುತ್ತ ಅತ್ತೆ, ಅವರೂ ಅತ್ತರು. ಯಾರಿಗೂ ತಿಳಿಯಬಾರದು, ಮಾತು ಕೊಟ್ಟಿದ್ದೇನೆ ಅಂದೆ. “ನನ್ನ ಹೊಟ್ಟ್ಯಾಗ ಇರತೈತಿ, ಹೊರಗ ಬರೂದಿಲ್ಲ” ಅಂದರು ಲೀಲಕ್ಕ. ಕಚ್ಚುವ ಚಪ್ಪಲಿ ಬಿಚ್ಚಿಟ್ಟ ಹಾಗೆ ಹಾಯೆನಿಸಿತು. ಆ ಹಾಯಾದದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಅಲ್ಲಿಯ ಸಿಮ್ ಕಾರ್ಡ್ ಇದ್ದದ್ದು ಲೀಲಕ್ಕನ ಫೋನಿಗೆ ಮಾತ್ರ. ಅದರಿಂದಲೇ ವಾರಕ್ಕೆರಡು ಸಲ ಇವರೊಡನೆ ಮಾತಾಡುತ್ತಿದ್ದೆ. ಕೊನೆಯ ವಾರ ಇವರು ಬರೀ ಹೂಂ, ಹಾಂ ಅಂದರು. ಮಳೆ ಜೋರು, ಸರಿಯಾಗಿ ಕೇಳುತ್ತಿಲ್ಲ ಅಂದರು. ನಾನು ನಂಬಿದೆ.

ವಾಪಸಾದ ಮರುದಿನ ಬೆಳಗ್ಗೆ ಇವರು ಹಾಲು ತರಲು ಹೋಗಿದ್ದರು. ನನ್ನ ಫೋನಿಗೆ ಮೂರು ವಾರದ ಮೆಸೇಜುಗಳೆಲ್ಲ ಒಮ್ಮೆಗೇ ಬಂದು ಬಿದ್ದವು. ಕನ್ನಡ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಲೀಲಕ್ಕ ದಿನವೂ ಮಲಾವಿಯಿಂದ ಪ್ರಾರ್ಥನೆಯ ವಿಷಯಗಳ ಪಟ್ಟಿ ಹಾಕುತ್ತಿದ್ದರು. ಎರಡನೆಯ ವಾರದ ಒಂದು ಪಟ್ಟಿಯಲ್ಲಿ ಮೊದಲನೆಯದು ತಂಡದವರ ಆರೋಗ್ಯ. ಎರಡನೆಯದು ನಾಳೆ ಹೋಗುವ ಹಳ್ಳಿಯ ದಾರಿ. ಮೂರನೆಯದು: “ನಮ್ಮ ಸುಧಾಕರಣ್ಣನವರು ವಿಶ್ವಾಸದಿಂದ ದೂರವಾಗಿದ್ದಾರೆ. ಕರುಣಾ ಬಹಳ ನೊಂದಿದ್ದಾಳೆ. ಭಾರದಿಂದ ಪ್ರಾರ್ಥಿಸಿರಿ. ದಯವಿಟ್ಟು ಇದು ನಮ್ಮೊಳಗೇ ಇರಲಿ.” ನಮ್ಮೊಳಗೇ ಅಂದರೆ ಇಡೀ ಸಭೆ! ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು, ಆಮೆನ್‌ಗಳು. ಆ ಸಾಲಿನಲ್ಲಿ ಇವರದೂ ಒಂದು ಆಮೆನ್ ಇತ್ತು.

ಇವರು ಹಾಲಿನ ಪಾಕೀಟು ಹಿಡಿದು ಒಳಗೆ ಬಂದರು. ನನ್ನ ಕೈಯಲ್ಲಿ ಫೋನು ನೋಡಿ ಗೊತ್ತಾಯಿತು. ನೀವ್ಯಾಕೆ ಆಮೆನ್ ಹಾಕಿದಿರಿ ಅಂತ ಕೇಳಿದೆ. ಆ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು? ಬಾಯಿಗೆ ಬಂದದ್ದು ಅದೇ.

“ಎಲ್ಲಾರೂ ಹಾಕಿದ್ರು. ನಾ ಒಬ್ಬವ ಹಾಕದಿದ್ರ ಚಂದ ಕಾಣ್ತಿರಲಿಲ್ಲ” ಅಂದರು. ಆಮೇಲೆ ಚಹಾಕ್ಕೆ ನೀರಿಟ್ಟರು. ಕೂಗಾಡಿದ್ದರೆ ಕಾಲು ಹಿಡಿಯುತ್ತಿದ್ದೆ. ಕೂಗಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಚಹಾ ಕುಡಿದೆವು.

ಭಾನುವಾರ ಇಬ್ಬರೂ ಹೋದೆವು. ಹಾರ್ಮೋನಿಯಂಗೆ ಬಟ್ಟೆ ಹೊದಿಸಿ ಮೂಲೆಗೆ ಇಟ್ಟಿದ್ದರು. ಅದು ಇವರದೇ ಪೇಟಿ, ಬೆಟಗೇರಿಯಿಂದ ತಂದದ್ದು. ಮಾಸ್ತರರು ಇವರನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿ, ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ, ಮನಸ್ಸು ನೆಟ್ಟಗಾದ ಮೇಲೆ ಮತ್ತೆ ಬಾರಿಸುವಿರಂತೆ ಅಂದರು. ಯಾರದೋ ಮೊಬೈಲಿಗೆ ಸ್ಪೀಕರ್ ಜೋಡಿಸಿ ಹಾಡಿನ ಟ್ರ್ಯಾಕ್ ಹಾಕಿದರು. ಅದು ನಮ್ಮ ಗಂಟಲಿಗೆ ಮೀರಿದ ಸ್ಥಾಯಿ. ಎರಡನೆಯ ಚರಣಕ್ಕೆ ಹೆಂಗಸರೆಲ್ಲ ಹಾಡುವುದನ್ನೇ ಬಿಟ್ಟರು, ಟ್ರ್ಯಾಕ್ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಇವರು ಮೂರನೆಯ ಸಾಲಿನಲ್ಲಿ ಕೂತು ಬೆರಳನ್ನು ತೊಡೆಯ ಮೇಲೆ ಆಡಿಸುತ್ತಿದ್ದರು.

ಆರಾಧನೆ ಮುಗಿದ ಮೇಲೆ ಇವರನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದರು. ಸುತ್ತ ನಿಂತು ತಲೆಯ ಮೇಲೆ, ಹೆಗಲ ಮೇಲೆ, ಬೆನ್ನ ಮೇಲೆ ಕೈ ಇಟ್ಟು ಒಬ್ಬೊಬ್ಬರಾಗಿ ಪ್ರಾರ್ಥಿಸಿದರು. ಕತ್ತಲೆಯಿಂದ ಬಿಡಿಸು, ಕಳೆದುಹೋದ ಕುರಿಯನ್ನು ಹಿಂದಕ್ಕೆ ತಾ, ಅಂತ. ಕೆಲವರು ನಿಜವಾಗಿಯೂ ಅತ್ತರು. ಇವರಿಂದ ಹಾಡು ಕಲಿತ ಹುಡುಗಿಯರು ಗುಜುಗುಜು ಮಾತಾಡುತ್ತ ಇವರನ್ನೇ ನೋಡುತ್ತಿದ್ದರು. ನನ್ನನ್ನೂ ಕೈ ಇಡಲು ಕರೆದರು. ನಾನು ಹೋಗಿ ಇಟ್ಟೆ. ಇಡದಿದ್ದರೆ ಚಂದ ಕಾಣುತ್ತಿರಲಿಲ್ಲ. ನನ್ನ ಅಂಗೈಯ ಕೆಳಗೆ ಇವರ ಬೆನ್ನು ಕಲ್ಲಿನ ಹಾಗೆ ಬಿಗಿದಿತ್ತು. ಮುಗಿದ ಮೇಲೆ ಎದ್ದು, ಉಪಕಾರವಾಯಿತು ರೀ ಎಲ್ಲರಿಂದ, ಅಂತ ಕೈ ಮುಗಿದರು. ಹೊರಗೆ ಬಂದು ಮರಾಠಿ ಸಭೆಯ ಕಾವಲುಗಾರನನ್ನು ಕರೆದು, ಇಬ್ಬರೂ ಪೇಟಿಯನ್ನು ಎತ್ತಿ ಆಟೋದಲ್ಲಿ ಇಟ್ಟರು. ಆ ದಿನದಿಂದ ಇವರು ಆ ಹಾಲ್‌ನ ಮೆಟ್ಟಿಲು ಹತ್ತಿಲ್ಲ.

ಮರುದಿನ ರಜೆ ಹಾಕಿ ಖಾಪರಖೇಡಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಲೀಲಕ್ಕನಿಗೆ ಅನ್ನಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಮೈ ಕೊತಕೊತ ಕುದಿಯುತ್ತಿತ್ತು. ಸ್ಥಾವರದ ಚಿಮಣಿಗಳ ಕೆಳಗೆ ಕಾಲನಿಯ ರಸ್ತೆ ಮಳೆಗೆ ಬೂದಿಗೆಸರಾಗಿತ್ತು. ಲೀಲಕ್ಕ ಬಾಗಿಲಲ್ಲೇ ತಬ್ಬಿಕೊಂಡು, ನೆನೆದೀಯಲ್ಲೇ ಅಂತ ಟವೆಲ್ ಕೊಟ್ಟು, ಉಪ್ಪಿಟ್ಟಿಗೆ ಒಲೆ ಹಚ್ಚಿದರು. ನಾನು ನಿಂತೇ ಇದ್ದೆ. ನಿಮ್ಮ ಹೊಟ್ಟೆಯಲ್ಲಿ ಇರುತ್ತದೆ ಅಂದದ್ದು ಗ್ರೂಪಿಗೆ ಹೇಗೆ ಬಂತು ಅಂತ ಕೇಳಿದೆ.

ಲೀಲಕ್ಕನಿಗೆ ಅರ್ಥವೇ ಆಗಲಿಲ್ಲ. ನಾಟಕವಲ್ಲ, ನಿಜವಾಗಿಯೂ ಆಗಲಿಲ್ಲ. “ನಾ ಯಾರ ಮುಂದ ಆಡೀನಿ? ಪ್ರಾರ್ಥನಿಗೆ ಕೊಟ್ಟೀನಿ. ಅದು ಚಾಡಿ ಹೆಂಗ ಆಗತೈತಿ?” ಅಂದರು. ಅಣ್ಣನ ಕಾಲು ಮುರಿದಿದ್ದರೆ ನಾಲ್ಕು ಮಂದಿಗೆ ಹೇಳುತ್ತಿರಲಿಲ್ಲವೇ ಅಂತ ಕೇಳಿದರು. ಇದು ಕಾಲಿಗಿಂತ ದೊಡ್ಡದು, ಇದನ್ನು ಮುಚ್ಚಿಟ್ಟರೆ ನಾನು ನಿಮ್ಮವಳೇ ಅಲ್ಲ ಅಂದರು.

ನಾನು ಬಾಯಿಗೆ ಬಂದ ಹಾಗೆ ಅಂದೆ. ನಂಬಿಕೆದ್ರೋಹಿ ಅಂದೆ, ಗಂಜಿ ಕುಡಿಸಿ ಕತ್ತು ಕೊಯ್ದಿರಿ ಅಂದೆ. ಲೀಲಕ್ಕನ ಕಣ್ಣು ತುಂಬಿದವು. ಸೌಟು ಕೈಯಲ್ಲೇ ಇತ್ತು. ಮೆತ್ತಗೆ ಹೇಳಿದರು: “ನನಗ ನೀ ಹೇಳಿದಿ. ನಿನಗ ಯಾರು ಹೇಳಿದ್ರೋ, ಅವ್ರು ನನಗ ಹೇಳು ಅಂದಿದ್ರೇನು?”

ಟವೆಲ್ಲನ್ನು ಕುರ್ಚಿಯ ಮೇಲೆ ಹಾಕಿದೆ. ಉಪ್ಪಿಟ್ಟು ತಿನ್ನದೆ ಬಂದೆ. ಲೀಲಕ್ಕ ಆಮೇಲೆ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಈಗ ಎದುರು ಸಿಕ್ಕರೆ ನಮ್ಮವರು ನಮಸ್ಕಾರಕ್ಕೆ ಹೇಳುವ ಸ್ತೋತ್ರ ಅನ್ನುತ್ತೇವೆ, ಅಷ್ಟೇ.

ಮಳೆಗಾಲ ಮುಗಿಯಿತು. ಪೇಟಿಯನ್ನು ಇವರು ಮಂಚದ ಕೆಳಗೆ ತಳ್ಳಿದ್ದರು. ಮನೆಯಲ್ಲೇ ಬಾರಿಸಿ ಅಂತ ನಾನು ಹಲವು ಸಲ ಹೇಳಿದೆ. ಯಾರ ಜೊತೆ ಹಾಡಲಿ ಅಂದರು. ನಾನು ಹಾಡುತ್ತೇನೆ ಅನ್ನಲು ಬಾಯಿ ಬರಲಿಲ್ಲ. ಉಳಿದಂತೆ ಇವರು ಮೊದಲಿನ ಹಾಗೆಯೇ ಇದ್ದರು. ತರಕಾರಿ ತರುತ್ತಿದ್ದರು, ನನ್ನ ಡ್ಯೂಟಿ ತಡವಾದರೆ ಬಸ್ ಸ್ಟಾಪಿಗೆ ಬರುತ್ತಿದ್ದರು, ಪೇಪರಿನ ಸುದ್ದಿ ಓದಿ ಹೇಳುತ್ತಿದ್ದರು. ದಿನ ಸರಿದ ಹಾಗೆ ನನಗೂ ಧೈರ್ಯ ಬಂತು. ಗಾಯ ಮಾಯುತ್ತಿದೆ ಅಂದುಕೊಂಡೆ. ಗಾಯಗಳ ವಿಷಯ ನನಗೆ ಗೊತ್ತು ಅನ್ನುವ ಜಂಬ.

ಡಿಸೆಂಬರಿನ ಒಂದು ಸಂಜೆ ತರಕಾರಿ ಮಾರುಕಟ್ಟೆಯಲ್ಲಿ ವಂದನಾ ಸಿಕ್ಕಳು. ಹಿಂದೆ ನನ್ನ ಜೊತೆ ನರ್ಸ್ ಆಗಿದ್ದವಳು, ಈಗ ಊರಾಚೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಇದ್ದಾಳೆ. ಮೆಂತ್ಯದ ಕಟ್ಟು ಆರಿಸುತ್ತ, ಭಾವೂಜಿಯ, ಅಂದರೆ ಇವರ, ರಿಪೋರ್ಟ್ ಚೆನ್ನಾಗಿ ಬಂತಲ್ಲ, ದೇವರು ದೊಡ್ಡವನು ಅಂತ ಮರಾಠಿಯಲ್ಲಿ ಅಂದಳು. ನಾನು ಪೆದ್ದಿಯ ಹಾಗೆ ಯಾವ ರಿಪೋರ್ಟ್ ಅಂದೆ. ಅವಳ ಕೈ ನಿಂತಿತು. ಇವರ ಕತ್ತಿನ ಹಿಂದೆ ಗಡ್ಡೆಯಾಗಿತ್ತು, ಕ್ಯಾನ್ಸರ್ ಇರಬಹುದು ಅಂತ ಡಾಕ್ಟರಿಗೆ ಸಂಶಯವಿತ್ತು, ತೆಗೆದು ಪರೀಕ್ಷೆಗೆ ಕಳಿಸಿದ್ದರು, ಇವರು ಪ್ರತಿಸಲ ಒಬ್ಬರೇ ಬರುತ್ತಿದ್ದರು. ಕರುಣಾಗೆ ಡ್ಯೂಟಿ ಇದೆ ಅಂದಿದ್ದರಂತೆ.

ಚೀಲ ಹಿಡಿದು ಮನೆಗೆ ಹೇಗೆ ಬಂದೆನೋ. ಇವರು ಹಾಲ್‌ನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಕತ್ತಿಗೆ ಮಫ್ಲರ್. ನಾಗಪುರದ ಚಳಿ ಆ ವರ್ಷ ಜೋರಿತ್ತು. ಮಫ್ಲರ್ ಯಾಕೆ ಅಂತ ಯಾರು ಕೇಳುತ್ತಾರೆ? ಎಷ್ಟು ದಿನದಿಂದ ಅಂತ ಕೇಳಿದೆ. ಅವರು ಯಾವುದರ ಮಾತು ಅಂತ ಕೇಳಲಿಲ್ಲ. ದೀಪಾವಳಿಯಿಂದ ಅಂದರು. ರಿಪೋರ್ಟ್ ಬರುವವರೆಗೆ ಹದಿನೈದು ದಿನ ಹಿಡಿಯಿತು, ಏನೂ ಇಲ್ಲವಂತೆ, ಬರೀ ಕೊಬ್ಬಿನ ಗಡ್ಡೆ ಅಂದರು.

ಹದಿನೈದು ದಿನ! ಆ ಹದಿನೈದು ದಿನವೂ ನನ್ನೆದುರು ಕೂತು ರೊಟ್ಟಿ ತಿಂದಿದ್ದರು, ಉಪ್ಪು ಕಡಿಮೆ ಅಂದಿದ್ದರು, ನನ್ನ ಪಕ್ಕದಲ್ಲಿ ಮಲಗಿದ್ದರು.

“ನಾ ನರ್ಸ್ ಇದೀನ್ರಿ. ನನಗ ಹೇಳಬೇಕು ಅನಸಲಿಲ್ಲೇನು?”

ಅವರು ಒಂದು ಬಟಾಣಿ ಕಾಯಿ ಬಿಡಿಸಿ ಕಾಳು ಪಾತ್ರೆಗೆ ಹಾಕಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ನಾನು ಬದುಕುತ್ತಿದ್ದೆ.

“ಅನಿಸ್ತು. ಹೇಳಬೇಕಂತ ಎರಡು ಸಲ ಅಡಿಗಿಮನಿ ತನಕಾ ಬಂದಿದ್ದೆ. ಆಮ್ಯಾಲೆ, ಗ್ರೂಪಿನ್ಯಾಗ ಓದೂದು ಬ್ಯಾಡ ಅನಿಸ್ತು.”

ತೋರಿಸಿ ಅಂದೆ. ಮಫ್ಲರ್ ಬಿಚ್ಚಿ ಬೆನ್ನು ತಿರುಗಿಸಿ ಕೂತರು. ಕೂದಲ ಅಂಚಿನ ಕೆಳಗೆ ಎರಡು ಬೆರಳಗಲದ ಗೆರೆ, ಹೊಲಿಗೆ ಆಗಲೇ ತೆಗೆದಾಗಿತ್ತು, ಅಚ್ಚುಕಟ್ಟಾಗಿ ಕೂಡಿತ್ತು. ಮುಟ್ಟಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ಹೊಲಿಗೆ ಯಾರು ಬಿಚ್ಚಿದರು ಅಂತ ಕೇಳಿದೆ.

“ಅಲ್ಲೇ ಯಾರೋ ಒಬ್ಬ ಸಿಸ್ಟರ್” ಅಂದರು. “ಹಗುರ ಕೈ. ನೋಯಲೇ ಇಲ್ಲ.”